ಬಾಕಿ ಹದಿನೇಳು

ಹನ್ನೊಂದು ವರ್ಷ ಕೂಗಿದ್ದೇನೆ ಈ ಹೆಸರನ್ನು
ಕುಮಟೆ–ತದಡಿ ಗಾಡಿಯ ಬಾಗಿಲಲ್ಲಿ ನಿಂತು:
ನಡುಕುರ್ವೆ, ಯಾರ್ರೀ ನಡುಕುರ್ವೆ,
ಇಳಿಯೋರು ಮುಂದೆ ಬನ್ನಿ.
ಇಳಿಯುತ್ತಿದ್ದವರು ಒಬ್ಬರೋ ಇಬ್ಬರೋ.
ಒದ್ದೆ ಬುಟ್ಟಿ, ಮೊಣಕಾಲ ತನಕ ಒಣಗಿದ ಕೆಸರು,
ಒಂದು ಮಣ್ಣಿನ ದಾರಿ, ಅದರ ತುದಿಗೆ ಬೆಳಕು.
ಅಷ್ಟರಲ್ಲಿ ಗಂಟೆಯ ಹಗ್ಗ ಎಳೆದಾಗಿರುತ್ತಿತ್ತು.

ಇವತ್ತು ವಾರದ ರಜೆ. ಖಾಕಿ ಇಲ್ಲ.
ಪಾಸಿದ್ದರೂ ನನ್ನದೇ ರೂಟಿನಲ್ಲಿ ಟಿಕೆಟ್ ತೆಗೆದೆ.
ಹೊಸ ಹುಡುಗ ಹೆಸರು ಕೂಗಲೇ ಇಲ್ಲ;
ನಾನೇ ಎದ್ದು ಹೇಳಬೇಕಾಯಿತು,
ಇಲ್ಲೊಂದು ಊರಿದೆಯಪ್ಪಾ, ನಿಲ್ಲಿಸು.

ದಾರಿ ಮುಗಿಯುವುದು ಮುರಿದ ಧಕ್ಕೆಯಲ್ಲಿ.
ದೋಣಿಯಿದೆ. ನೀರಿಲ್ಲ.
ಎಷ್ಟೊತ್ತಿಗೆ ಹೊರಡೋದು ಎಂದರೆ
ಜಟ್ಟಪ್ಪ ಬೀಡಿ ಕಚ್ಚಿದ ಗದ್ದವನ್ನು ಹೊಳೆಯ ಕಡೆ ತಿರುಗಿಸಿದ.
"ನೀರ್ ಬರ್ಲಿ ತಮಾ, ಹೋಗ್ವ."
ಗಡಿಯಾರ ನೋಡಿಕೊಂಡೆ. ಹತ್ತು ಇಪ್ಪತ್ತು.
ಮತ್ತೆ ನೋಡಿಕೊಂಡೆ. ಹತ್ತು ಇಪ್ಪತ್ತೆರಡು.
ಆಮೇಲೆ ಕೆಸರಿನ ಮೇಲೊಂದು ಗೆರೆ ಮಿನುಗಿತು,
ಏಡಿಯೊಂದು ತನ್ನ ತೂತಿನ ಬಾಗಿಲಿಗೆ ಬಂದು
ಏನೋ ನೆನಪಾದಂತೆ ಒಳಗೆ ಹೋಯಿತು.
ದೋಣಿಯ ಹೊಟ್ಟೆ ಅಲುಗಿತು.
ಅಘನಾಶಿನಿ ಹಿಂದಕ್ಕೆ ಹರಿಯತೊಡಗಿದಳು.

"ಯಾರ್ ಮನೆಗೆ?"
ಬೀರಮ್ಮನ ಮನೆಗೆ.
"ಬಳಚಿನ ಬೀರಮ್ಮನೋ, ಸೊಂಟನೋವಿನ ಬೀರಮ್ಮನೋ?"
ಬುಟ್ಟಿಗೆ ಲಗೇಜು ಹಾಕಿದರೆ ಬೈಯುವವಳು, ಎಂದೆ.
ಜಟ್ಟಪ್ಪ ಹುಟ್ಟು ನಿಲ್ಲಿಸಿ ನಕ್ಕ.
"ಈಗ ಇಬ್ರೂ ಒಬ್ಳೇ."

ಹೆಂಗಸರ ಟಿಕೆಟ್ಟು ಇನ್ನೂ ಸೊನ್ನೆಯಾಗಿರದ ಕಾಲದ ಲೆಕ್ಕ.
ಐವತ್ತರ ನೋಟು ಕೊಟ್ಟಳು, ಚಿಲ್ಲರೆಯಿರಲಿಲ್ಲ,
ಟಿಕೆಟಿನ ಬೆನ್ನಿಗೆ ಬರೆದೆ ಹದಿನೇಳು,
ಇಳಿಯುವಾಗ ಕೇಳಿ ಎಂದೆ.
ಗಾಡಿ ತುಂಬ ಶಾಲೆಯ ಮಕ್ಕಳು.
ಅವಳಿಳಿದಳು, ನಾನು ಹಗ್ಗ ಎಳೆದೆ.
ಹಿಂದಿನ ಗಾಜಿನಲ್ಲಿ ಚೀಟಿ ಹಿಡಿದ ಕೈಯೊಂದು
ಚಿಕ್ಕದಾಗುತ್ತಾ ಹೋಯಿತು.
ಮರುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.
ಎಷ್ಟೋ ಜನರ ಚಿಲ್ಲರೆ ನುಂಗಿದ್ದೇನೆ, ಸುಳ್ಳೇಕೆ,
ಇದೊಂದು ಗಂಟಲಲ್ಲಿ ಚಿಪ್ಪಾಗಿ ನಿಂತಿತ್ತು.

ಕುರ್ವೆಯಲ್ಲಿ ನಲವತ್ತು ಮನೆ, ಒಂದೇ ಸಿಹಿಬಾವಿ.
ರಸ್ತೆಯೆಂದರೆ ಗಜನಿಯ ಕಟ್ಟೆ.
ಎಡಕ್ಕೆ ಕಗ್ಗದ ಪೈರು,
ಉಪ್ಪು ಕುಡಿದೂ ಭತ್ತವಾಗುವ ಹಟ.
ಬಲಕ್ಕೆ ಕಾಂಡ್ಲದ ಬೇರಿಗೆ ಸಿಕ್ಕಿಕೊಂಡ
ಒಂಟಿ ಹವಾಯಿ ಚಪ್ಪಲಿ.
ಸೈಕಲ್ಲೊಂದಿದೆ, ದೋಣಿಯಲ್ಲಿ ಬಂದದ್ದು;
ಇಡೀ ಊರು ಸುತ್ತಲು ಅದಕ್ಕೆ ಎಂಟು ನಿಮಿಷ.
ಹಾರ್ನ್ ಇಲ್ಲ. ಯಾರೂ ಯಾರನ್ನೂ
ಮುಂದೆ ಬನ್ನಿ ಎನ್ನುವುದಿಲ್ಲ.

ಜಗಲಿಯಲ್ಲಿ ಬೇರೆಯವರು ಹೆಕ್ಕಿ ತಂದ ಬಳಚು ಬಿಡಿಸುತ್ತಿದ್ದಳು.
ನನ್ನ ಮುಖ ನೋಡಿದಳು, ಸಿಗಲಿಲ್ಲ.
ಸೊಸೈಟಿಯವನಾ? ಕರೆಂಟ್ ಬಿಲ್ಲಿನವನಾ?
ನಾನು ಬೇರೆ ದಾರಿ ಕಾಣದೆ
ನಡುಕುರ್ವೆಯ ನಡುವೆ ನಿಂತು ಕೂಗಿದೆ:
ನಡುಕುರ್ವೆ, ಯಾರ್ರೀ ನಡುಕುರ್ವೆ!
ಪಕ್ಕದ ಮನೆಯ ಮಗು ಓಡಿ ಬಂತು,
ನಾಯಿ ಎದ್ದು ಮತ್ತೆ ಮಲಗಿತು.
ಬೀರಮ್ಮ ಕತ್ತಿ ಕೆಳಗಿಟ್ಟಳು.
"ಬಸ್ಸು!" ಎಂದಳು.

ಒಳಗೆ ಕರೆದು ಗೋಡೆ ತೋರಿಸಿದಳು.
ಇದ್ದಿಲಿನಲ್ಲಿ, ವಕ್ರವಕ್ರ: ಬಸ್ಸು ೧೭.
"ಎಯ್ಡ್ ಸಲ ಸುಣ್ಣ ಬಳ್ದೆ. ಅಷ್ಟ್ ಬಿಟ್ಟೇ ಬಳ್ದೆ."
ಹಳೆಯ ಗೋಡೆಯ ಒಂದು ಅಂಗೈಯಗಲ ತುಂಡು
ಹೊಸ ಬಿಳುಪಿನೊಳಗೆ, ಹೊಳೆಯ ನಡುವಿನ ಈ ಊರಿನ ಹಾಗೆ.
ನಾಣ್ಯಗಳನ್ನು ಎಣಿಸಿಕೊಂಡಳು, ಎರಡು ಸಲ.
ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿದಳು.
ಒಂದು ಹೋಯಿತು, ಏಳು ಹೋಗಲಿಲ್ಲ.
"ಇರ್ಲಿ ಬಿಡು," ಎಂದಳು,
ಯಾರಿಗೆ ಎಂದು ತಿಳಿಯಲಿಲ್ಲ.

ಕಣ್ಣಚಹಾ ಕುಡಿದು ಧಕ್ಕೆಗೆ ಬಂದಾಗ ನೀರು ಮತ್ತೆ ಇಳಿದಿತ್ತು.
ಜಟ್ಟಪ್ಪ ದೋಣಿಯಲ್ಲೇ ಮಲಗಿದ್ದ.
ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಬಳಚು,
"ಲಗೇಜ್ ಹಾಕ್ಬೇಡ ಹ್ಞಾ" ಎಂದು ಕೊಟ್ಟದ್ದು, ಬೆಚ್ಚಗಿತ್ತು.
ಒಣಹಾಕಿದ ಬಲೆಯಿಂದ ಒಂದು ಹಗ್ಗ ಜೋತಾಡುತ್ತಿತ್ತು.
ಕೈ ಸುಮ್ಮನಿರಲಿಲ್ಲ, ಎಳೆದೆ.
ಎಲ್ಲೂ ಗಂಟೆಯಾಗಲಿಲ್ಲ.
ಒಂದು ಬೆಳ್ಳಕ್ಕಿ ಕೆಸರಿನಲ್ಲಿ
ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿತು.